ಪಾಪರ್ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ

2020ರ ಏಪ್ರಿಲ್‌ನಲ್ಲಿ ನಮ್ಮ ಟ್ರಾವೆಲ್ಸ್ ಕಚೇರಿಯ ಸಂಬಳ ಅರ್ಧಕ್ಕಿಳಿಯಿತು. ಆಗಸ್ಟ್ ಹೊತ್ತಿಗೆ ಕಚೇರಿಯೇ ಇರಲಿಲ್ಲ. ನನ್ನ ತಲೆಯ ಮೇಲೆ ಒಂದು ವೈಯಕ್ತಿಕ ಸಾಲ, ಎರಡು ಕ್ರೆಡಿಟ್ ಕಾರ್ಡ್. ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ಅದನ್ನು ಮನ್ನಾ ಎಂದೇ ತಿಳಿದು ನೆಮ್ಮದಿಯಾಗಿ ಮಲಗಿದ ಜಾಣ ನಾನು. ಬಡ್ಡಿ ಮಲಗಿರಲಿಲ್ಲ.

ಕಾರ್ಡಿನದು ಇನ್ನೂ ಕೆಟ್ಟ ಕಥೆ. ಒಂದರಲ್ಲಿ 84,000 ರೂಪಾಯಿ ಬಾಕಿ, ತಿಂಗಳಿಗೆ ಶೇ. 3.5 ಬಡ್ಡಿ. ‘ಕನಿಷ್ಠ ಮೊತ್ತ’ವೆಂದು 4,200 ಕಟ್ಟಿದೆ. ಅದರಲ್ಲಿ ಬಡ್ಡಿಗೆ 2,940, ಆ ಬಡ್ಡಿಯ ಮೇಲಿನ ಜಿಎಸ್‌ಟಿಗೆ 529. ಅಸಲಿಗೆ ಸೇರಿದ್ದು 731 ರೂಪಾಯಿ! ಈ ಲೆಕ್ಕ ಹಾಕಿದ್ದು ಎಂಟು ತಿಂಗಳು ಕಟ್ಟಿದ ಮೇಲೆ, ಮಗಳ ರಫ್ ಪುಸ್ತಕದ ಕೊನೆಯ ಪುಟದಲ್ಲಿ.

ಆ ಹತಾಶೆಯಲ್ಲೇ ‘ಸಾಲಮುಕ್ತಿ ಸಲಹೆಗಾರ’ರೊಬ್ಬರ ಬಾಗಿಲಿಗೆ ಹೋದೆ. ಗಾಜಿನ ಮೇಜು, ಅದರ ಮೇಲೆ ತಕ್ಕಡಿ ಹಿಡಿದ ನ್ಯಾಯದೇವತೆಯ ಗೊಂಬೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸ್ಟೇಪ್ಲರ್ ಪಿನ್ನು ತುಂಬಿಸಿಟ್ಟಿದ್ದರು. “ತೊಂಬತ್ತು ದಿನದಲ್ಲಿ ದಿವಾಳಿ ಘೋಷಣೆ ಮಾಡಿಸುತ್ತೇವೆ ಸಾರ್, ಎಲ್ಲ ಸಾಲವೂ ಸೊನ್ನೆ. ಇವತ್ತಿನಿಂದ ಕಂತು ಕಟ್ಟಬೇಡಿ, ಬ್ಯಾಂಕಿನವರ ಫೋನ್ ಎತ್ತಬೇಡಿ.” ಶುಲ್ಕ 35,000. ಹೆಂಡತಿಯ ಬಳೆ ಅಡವಿಟ್ಟು ಕೊಟ್ಟೆ. ಸಾಲ ತೀರಿಸಲು ಸಾಲ ಮಾಡುತ್ತಿದ್ದೀರಲ್ಲ ಎಂದು ಅವಳು ಒಂದೇ ಒಂದು ಸಲ ಕೇಳಿದಳು.

ಐದು ತಿಂಗಳು ಕಂತು ನಿಂತಿತು. ಆ ಕಾರ್ಡಿನ ಬಾಕಿ ಒಂದು ಲಕ್ಷ ದಾಟಿತು. ವಸೂಲಿಯವರು ಎದುರು ಮನೆಯವರಲ್ಲಿ ನನ್ನ ವಿಳಾಸ ವಿಚಾರಿಸಿಕೊಂಡು ಬಂದರು. ಸಲಹೆಗಾರರು ಮಾತ್ರ ‘ಫೈಲ್ ಕೋರ್ಟಿನಲ್ಲಿದೆ’ ಎನ್ನುತ್ತಲೇ ಇದ್ದರು.

ಕೊನೆಗೆ ಪರಿಚಯದ ವಕೀಲರ ಬಳಿ ಹೋದಾಗ ಗೊತ್ತಾಯಿತು: ಯಾವ ಅರ್ಜಿಯೂ ದಾಖಲಾಗಿರಲಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಕುರಿತ ಭಾಗವೇನೋ ಇದೆ, ಆದರೆ ಅದು ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನನ್ನಂಥ ಸಂಬಳದವನಿಗೆ ಉಳಿದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಐನೂರು ರೂಪಾಯಿ ಸಾಲವಿದ್ದರೆ ಅರ್ಜಿ ಹಾಕಬಹುದು ಎಂಬ ಮಾತು ಅದರಲ್ಲಿ ಇಂದಿಗೂ ಹಾಗೆಯೇ ಇದೆಯಂತೆ. ನಮ್ಮಜ್ಜ ‘ಪಾಪರ್ ಆದ’ ಎನ್ನುತ್ತಿದ್ದ ಕಾಲದ ಕಾನೂನು! ಆಸ್ತಿ ಕೋರ್ಟಿನ ವಶಕ್ಕೆ ಹೋಗುತ್ತದೆ, ಸಾಲದಿಂದ ಬಿಡುಗಡೆಗೆ ವರ್ಷಗಳು ಹಿಡಿಯುತ್ತವೆ. ತೊಂಬತ್ತು ದಿನವೆಂಬುದು ಶುದ್ಧ ಸುಳ್ಳು.

ಆಮೇಲೆ ನಾನೇ ಬ್ಯಾಂಕಿಗೆ ಹೋಗಿ ಕುಳಿತೆ. ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿಕೊಟ್ಟರು. ಮೊದಲ ತಿಂಗಳೇ ಕೇಳಿದ್ದರೂ ಕೊಡುತ್ತಿದ್ದರೇನೋ. ಇನ್ನೊಂದು ಕಾರ್ಡನ್ನು ರಿಯಾಯಿತಿ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡೆ. ಅದು ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ಇತ್ಯರ್ಥ) ಎಂದೇ ಕುಳಿತಿದೆ, ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಎಂದಲ್ಲ. ಹೊಸ ಸಾಲ ಕೇಳಿದಲ್ಲೆಲ್ಲ ಅದನ್ನೇ ಮೊದಲು ನೋಡುತ್ತಾರೆ.

ಇತ್ಯರ್ಥಕ್ಕೆ ಹೋಗುವುದಾದರೆ, ಒಪ್ಪಿದ ಮೊತ್ತ ಬ್ಯಾಂಕಿನ ಪತ್ರದಲ್ಲಿ ಬರುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ. ವಸೂಲಿಯವನು ಫೋನಿನಲ್ಲಿ ಕೊಟ್ಟ ಮಾತು ನಂಬಿ ನಾನು 12,000 ಹಾಕಿದ್ದೆ. ಅಷ್ಟೂ ಬಡ್ಡಿಗೆ ಜಮೆಯಾಯಿತು.