ಒಣಗಿದ ಗುಹೆಯನ್ನು ನಂಬಬೇಡಿ: ಹಿಂದೆ ದಾಟಿ ಬಂದ ತಗ್ಗೇ ಬಾಗಿಲು ಹಾಕುತ್ತದೆ

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ 12 ಹುಡುಗರು ಮತ್ತು ಅವರ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ನಡೆದುಕೊಂಡೇ ಹೋದರು. ಮಳೆ ಬಂತು, ಬಂದ ದಾರಿ ಮುಳುಗಿತು. ಜುಲೈ 2ರಂದು ಮುಳುಗುಗಾರರಿಗೆ ಅವರು ಸಿಕ್ಕಿದ್ದು ಗುಹೆಯ ಬಾಯಿಂದ ಸುಮಾರು 4 ಕಿಲೋಮೀಟರ್ ಒಳಗೆ; ಎಲ್ಲರೂ ಹೊರಬಂದಾಗ ಜುಲೈ 10. ನಡುವೆ ಗಾಳಿ ಸಿಲಿಂಡರ್ ಸಾಗಿಸುತ್ತಿದ್ದ ನೌಕಾಪಡೆಯ ಮಾಜಿ ಮುಳುಗುಗಾರರೊಬ್ಬರು ತೀರಿಕೊಂಡರು. ಮಳೆಗಾಲದಲ್ಲಿ ನೀರು ತುಂಬುತ್ತದೆ ಎಂಬ ಫಲಕ ಗುಹೆಯ ಬಾಯಲ್ಲೇ ಇತ್ತು.

ಹುಡುಗರು ಕೂತಿದ್ದ ಜಾಗ ಮುಳುಗಿರಲಿಲ್ಲ ಎಂಬುದನ್ನು ಗಮನಿಸಿ. ಗುಹೆಯ ದಾರಿ ಒಂದೇ ಸಮ ಇಳಿಯುವುದಿಲ್ಲ. ಇಳಿದು, ಏರಿ, ಮತ್ತೆ ಇಳಿಯುತ್ತದೆ. ಮೊದಲು ಚಾವಣಿ ಮುಟ್ಟುವವರೆಗೆ ತುಂಬುವುದು ತಗ್ಗು. ಹೋಗುವಾಗ ಪಾದ ಕೂಡ ನೆನೆಯದ ಒಂದು ತಗ್ಗು ಸಾಕು, ಅದರಾಚೆಗಿನವರೆಲ್ಲ ಒಳಗೇ.

ಸುಣ್ಣಕಲ್ಲು ಮಳೆನೀರನ್ನು ಮಣ್ಣಿನ ಹಾಗೆ ಹೀರಿ ಹಿಡಿದಿಡುವುದಿಲ್ಲ, ಬಿರುಕಿನಲ್ಲಿ ನೇರ ಕೆಳಗೆ ಬಿಡುತ್ತದೆ. ಅಮೃತಶಿಲೆಯೂ ಹಾಗೆಯೇ, ಶಾಖ, ಒತ್ತಡಕ್ಕೆ ಸಿಕ್ಕಿ ಮತ್ತೆ ಹರಳುಗಟ್ಟಿದ ಸುಣ್ಣಕಲ್ಲೇ ಅದು. ಎತ್ತರದ ಬೆಟ್ಟದಲ್ಲಿ ಮಣ್ಣಿನ ಹೊದಿಕೆಯೂ ತೆಳು. ಹೀಗಾಗಿ ಗುಹೆಯ ಬಾಯಲ್ಲಿ ಬಿಸಿಲಿದ್ದರೂ, ಬೆಟ್ಟದ ಆಚೆ ಮಗ್ಗುಲಲ್ಲಿ ಸುರಿದ ಮಳೆ ಒಳಗಿನ ತೊರೆಗೆ ಬರಬಹುದು. ಹಿಮವಿರುವ ಕಡೆ ಮೋಡವೂ ಬೇಡ. ಮಧ್ಯಾಹ್ನ ಕರಗಿದ್ದು ಸಂಜೆಗೆ, ಕೆಲವೊಮ್ಮೆ ರಾತ್ರಿಗೆ ಒಳಗೆ ತಲುಪುತ್ತದೆ. ಬೆಳಗಿನ ಜಾವ ಇಳಿದವರು ಕಂಡ ತೊರೆಯೇ ಬೇರೆ, ಹಿಂತಿರುಗುವಾಗ ಎದುರಾಗುವುದೇ ಬೇರೆ.

ಗೋಡೆ ಓದುವುದನ್ನು ಕಲಿಯಿರಿ. ದೀಪವನ್ನು ಓರೆಯಾಗಿ ಹಿಡಿದರೆ ಒಂದು ಗೆರೆ ಕಾಣಬಹುದು: ಕೆಳಗೆ ನೀರು ಉಜ್ಜಿ ತೊಳೆದ ಕಲ್ಲು, ಮೇಲೆ ಮಬ್ಬು ದೂಳು. ಆ ಗೆರೆ ತಲೆಗಿಂತ ಮೇಲಿದ್ದರೆ ನೀವು ನಿಂತಿರುವುದು ಹೊಳೆಯ ಪಾತ್ರದಲ್ಲಿ. ಚಾವಣಿಯ ಸೀಳಿನಲ್ಲಿ ಸಿಕ್ಕಿಕೊಂಡ ಕಡ್ಡಿ, ಒಣಗಿದ ನೊರೆಯ ಕಲೆಗಳನ್ನೂ ನೋಡಿ. ಎಲೆ ಇನ್ನೂ ಹಸಿರಾಗಿದ್ದರೆ ಪ್ರವಾಹ ಬಂದು ಹೆಚ್ಚು ದಿನ ಆಗಿಲ್ಲ. ಗೆರೆ ಇಲ್ಲ ಎಂದ ಮಾತ್ರಕ್ಕೆ ನೆಮ್ಮದಿಯೂ ಬೇಡ; ಪೂರ್ತಿ ತುಂಬುವ ದಾರಿಯಲ್ಲಿ ಗೆರೆ ಮೂಡುವುದಾದರೂ ಎಲ್ಲಿ?

ತಿಳಿ ನೀರು ಕದಡಿತು, ನೊರೆ ತೇಲಿ ಬಂತು, ದೂರದಲ್ಲಿ ಗುಡುಗುಡು ಸದ್ದು, ಇದ್ದಕ್ಕಿದ್ದಂತೆ ಗಾಳಿ ಬೀಸಿತು ಅಥವಾ ನಿಂತಿತು ಎಂದರೆ ಇನ್ನು ಫೋಟೊ ಸಾಕು. ಈ ಹೊತ್ತಿಗೆ ಜನ ಮಾಡುವ ದೊಡ್ಡ ತಪ್ಪು ಬಾಯಿಯ ಕಡೆ ಓಡುವುದು. ಹಿಂದಿನ ತಗ್ಗು ಇನ್ನೂ ತೆರೆದಿದೆ ಎಂಬ ಖಾತ್ರಿ ಇಲ್ಲದಿದ್ದರೆ ಗೆರೆಗಿಂತ ಮೇಲಿನ ಜಾಗಕ್ಕೆ ಹತ್ತಿ ಕುಳಿತುಬಿಡಿ. ನೀರು ಇಳಿಯಲು ಗಂಟೆಗಳು ಹಿಡಿಯಬಹುದು, ದಿನಗಳೂ ಹಿಡಿಯಬಹುದು.

ಹಾಗೆ ಕಾಯುವಾಗ ಕಾಡುವುದು ಚಳಿ. ಗುಹೆಯ ಉಷ್ಣತೆ ಹೆಚ್ಚುಕಡಿಮೆ ಆ ಪ್ರದೇಶದ ವರ್ಷದ ಸರಾಸರಿಯಷ್ಟೇ ಇರುತ್ತದೆ. ಎತ್ತರದ ಬೆಟ್ಟಗಳಲ್ಲಿ 5 ಡಿಗ್ರಿಗಿಂತ ಕೆಳಗೂ ಇರಬಹುದು. ನೆನೆದ ಹತ್ತಿ ಬಟ್ಟೆ ಮೈಶಾಖ ಹೀರುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಉಣ್ಣೆ ಅಥವಾ ಸಿಂಥೆಟಿಕ್ ಒಳಉಡುಪು, ಒಬ್ಬರು ಪೂರ್ತಿ ಒಳಗೆ ಕೂರುವಷ್ಟು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ, ಕೆಳಗೆ ಹಾಸಲು ಹಗ್ಗದ ಸುರುಳಿ. ದೀಪ ತಲಾ ಮೂರು, ಒಂದೊಂದಕ್ಕೂ ಬೇರೆ ಬ್ಯಾಟರಿ. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ.

ಹಗ್ಗದ ಬಗ್ಗೆ ಒಂದೇ ಮಾತು. ನೀರು ಕೊರೆದ ಅಮೃತಶಿಲೆಯ ಅಂಚು ಚೂಪಾಗಿರುತ್ತದೆ, ಬಂಡೆ ಹತ್ತುವವರ ಎಳೆದರೆ ಹಿಗ್ಗುವ ಹಗ್ಗ ಅದರ ಮೇಲೆ ಗರಗಸದಂತೆ ಉಜ್ಜುತ್ತದೆ. ಹಿಗ್ಗದ ಹಗ್ಗ ತನ್ನಿ. ಅದು ಕಲ್ಲಿಗೆ ತಾಗುವ ಕಡೆ ಹಗ್ಗ ಕಟ್ಟಲು ಬಂಡೆಗೆ ಇನ್ನೊಂದು ಆಧಾರ ಹೊಡೆದು, ಹಗ್ಗವನ್ನು ಅಂಚಿನಿಂದ ದೂರ ಸರಿಸಿ.

ಹೊರಗೊಬ್ಬರಿಗೆ ಚೀಟಿ ಬರೆದುಕೊಡಿ: ಯಾವ ಬಾಯಿಂದ ಇಳಿದಿದ್ದೇವೆ, ಎಷ್ಟು ಜನ, ಎಷ್ಟು ಗಂಟೆಗೆ ಬರುತ್ತೇವೆ, ಬರದಿದ್ದರೆ ಎಷ್ಟು ಗಂಟೆಗೆ ಯಾರಿಗೆ ಫೋನ್ ಮಾಡಬೇಕು. ತಡವಾದ ಒಂದೊಂದು ಗಂಟೆಯೂ ಒಳಗಿನವರ ಲೆಕ್ಕಕ್ಕೇ ಬೀಳುತ್ತದೆ. 2014ರ ಜೂನ್‌ನಲ್ಲಿ ಜರ್ಮನಿಯ ರೀಸೆಂಡಿಂಗ್ ಗುಹೆಯಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಅನುಭವಿ ಸಂಶೋಧಕರೊಬ್ಬರ ತಲೆಗೆ ಕಲ್ಲು ಬಿತ್ತು. ಸುದ್ದಿ ಮುಟ್ಟಿಸಲು ಜೊತೆಗಾರರೊಬ್ಬರು ಹತ್ತಿ ಹೊರಬರಲೇಬೇಕಾಯಿತು. ಗಾಯಾಳು ಹೊರಬಂದದ್ದು 11 ದಿನಗಳ ನಂತರ.