ಉಸಿರನ್ನು ಆಲಿಸುವ ಹಾರ್ಪ್: ಒಂದು ಹಾಸ್ಪೈಸ್ ಸೇವೆಯ ವಿಮರ್ಶೆ

ಕಳೆದ ಚಳಿಗಾಲದಲ್ಲಿ, ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ನಮ್ಮ ಮನೆಯಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯವರಿಗೆ ಏಳು ವಾರ ಹಾಸ್ಪೈಸ್ ಆರೈಕೆ, ಅಂದರೆ ಗುಣವಾಗದ ರೋಗಿಗಳಿಗೆ ಕೊನೆಗಾಲದಲ್ಲಿ ಕೊಡುವ ಆರೈಕೆ, ನಡೆಯಿತು. ನರ್ಸ್ ಮತ್ತು ಸ್ನಾನ ಮಾಡಿಸುವ ಸಹಾಯಕಿಯ ಜೊತೆಗೆ ವಾರಕ್ಕೊಮ್ಮೆ ಹಾರ್ಪ್ ನುಡಿಸುವ ಹಿರಿಯ ಮಹಿಳೆಯೊಬ್ಬರೂ ಬರುತ್ತಿದ್ದರು. ಇಂಥ ಸೇವೆಯನ್ನು ಕೇಳಿ ಪಡೆಯಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಇಲ್ಲಿನ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಳಿ ಪಡೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಸಂಗೀತ ಕಛೇರಿಯೆಂದಾಗಲಿ ಚಿಕಿತ್ಸೆಯೆಂದಾಗಲಿ ಭಾವಿಸಿದರೆ ನಿರಾಸೆಯಾದೀತು.

ಹಾರ್ಪ್ ಎಂದೊಡನೆ ವಾದ್ಯವೃಂದದ ನಡುವೆ ಆಳೆತ್ತರಕ್ಕೆ ನಿಂತ, 47 ತಂತಿ ಮತ್ತು 7 ಪೆಡಲ್‌ಗಳ, 35 ಕಿಲೋಗೂ ಹೆಚ್ಚು ತೂಗುವ ವಾದ್ಯವನ್ನು ನಾನು ಕಲ್ಪಿಸಿಕೊಂಡಿದ್ದೆ. ಆಕೆ ತಂದದ್ದು ಹೆಗಲಿಗೆ ನೇತುಹಾಕಿಕೊಂಡು ಬರಬಹುದಾದ, 26 ತಂತಿಗಳ ಲಿವರ್ ಹಾರ್ಪ್. ಇದರಲ್ಲಿ ಪ್ರತಿ ತಂತಿಯ ತುದಿಗಿರುವ ಪುಟ್ಟ ಸನ್ನೆಕೋಲನ್ನು (ಲಿವರ್) ಎತ್ತಿದರೆ ಸ್ವರ ಅರ್ಧ ಸ್ಥಾನ ಮೇಲೇರುತ್ತದೆ. ಕೈಗೆ ದಾರಿ ತಪ್ಪದಿರಲೆಂದು ಪಾಶ್ಚಾತ್ಯ ಸಂಗೀತದ ಸಿ ಸ್ವರದ ತಂತಿಗಳಿಗೆ ಕೆಂಪು, ಎಫ್ ಸ್ವರದ ತಂತಿಗಳಿಗೆ ಕಪ್ಪು ಅಥವಾ ನೀಲಿ ಬಣ್ಣವಿರುತ್ತದೆ. ಎರಡೂ ಕೈಗಳಿಂದ ಮೀಟುತ್ತಾರೆ, ಕಿರುಬೆರಳನ್ನು ಮಾತ್ರ ಬಳಸುವುದಿಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿಯೂ ವೀಣೆಯೆಂದರೆ ಬಿಲ್ಲಿನಂತೆ ಬಾಗಿದ ಹಾರ್ಪ್ ಜಾತಿಯ ವಾದ್ಯವೇ ಆಗಿತ್ತು; ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸ ನುಡಿಸುತ್ತಿರುವುದು ಅದನ್ನೇ. ನಮ್ಮ ಅತ್ತೆಯವರಿಗೆ ನಾಣ್ಯದ ವಿಚಾರ ತಿಳಿದಿರಲಿಲ್ಲ, ಆದರೂ ಮೊದಲ ದಿನವೇ ಬಂದಾಕೆಗೆ ವೀಣೆಯಮ್ಮ ಎಂದು ಹೆಸರಿಟ್ಟರು.

ವೀಣೆಯಮ್ಮ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅರವತ್ತು ದಾಟಿದ ಮೇಲೆ ರೋಗಿಗಳ ಪಕ್ಕದಲ್ಲಿ ನುಡಿಸುವ ಪದ್ಧತಿಯನ್ನು ಬೇರೆಯಾಗಿಯೇ ಕಲಿತು, ವಾರದಲ್ಲಿ ಎರಡು ದಿನ ಮನೆಗಳಿಗೂ ಒಂದು ದಿನ ಮರೆವಿನ ರೋಗಿಗಳ ಆಶ್ರಯಕ್ಕೂ ಹೋಗುತ್ತಾರೆ. ಈ ಪದ್ಧತಿಗೆ ಅಮೆರಿಕದಲ್ಲಿ ಗಟ್ಟಿ ನೆಲೆ ಕಟ್ಟಿಕೊಟ್ಟವರಲ್ಲಿ ಹಾರ್ಪ್ ವಾದಕಿ ತೆರೀಸ್ ಶ್ರೋಡರ್-ಶೇಕರ್ ಮುಖ್ಯರು. 1970ರ ದಶಕದಲ್ಲಿ ಡೆನ್ವರ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಉಸಿರಿಗಾಗಿ ಒದ್ದಾಡುತ್ತಿದ್ದ ಮುದುಕರೊಬ್ಬರನ್ನು ತಬ್ಬಿ ಹಿಡಿದು ಕೊನೆಯವರೆಗೆ ಹಾಡಿದ ಅನುಭವವೇ ಅವರ ದಾರಿಯನ್ನು ತಿರುಗಿಸಿತು. 11ನೇ ಶತಮಾನದ ಫ್ರಾನ್ಸಿನ ಕ್ಲೂನಿ ಮಠದಲ್ಲಿ ಸಾಯುತ್ತಿರುವ ಸನ್ಯಾಸಿಯ ಸುತ್ತ ಕುಳಿತು ಹಾಡುತ್ತಿದ್ದ ಸಂಪ್ರದಾಯದಿಂದ ಅವರು ಬಹಳಷ್ಟನ್ನು ಪಡೆದುಕೊಂಡರು. 1992ರಲ್ಲಿ ಅವರ ಚಾಲಿಸ್ ಆಫ್ ರಿಪೋಸ್ ಯೋಜನೆ ಮೊಂಟಾನಾದ ಮಿಸೌಲಾದಲ್ಲಿರುವ ಸೇಂಟ್ ಪ್ಯಾಟ್ರಿಕ್ ಆಸ್ಪತ್ರೆಗೆ ಬಂದು ನೆಲೆಸಿತು.

ಕೆಲಸದ ರೀತಿಯನ್ನು ಹೇಳುತ್ತೇನೆ, ಏಕೆಂದರೆ ಸೇವೆಯ ಬೆಲೆ ಇರುವುದು ಅಲ್ಲಿಯೇ. ಆಕೆ ಬಂದು ಕುಳಿತ ಮೇಲೆ ಐದು ನಿಮಿಷ ಏನನ್ನೂ ನುಡಿಸುತ್ತಿರಲಿಲ್ಲ. ಅತ್ತೆಯವರ ಎದೆ ಏರಿಳಿಯುವುದನ್ನು ಸುಮ್ಮನೆ ನೋಡುತ್ತಿದ್ದರು. ಆಮ್ಲಜನಕದ ಯಂತ್ರದ ಗುಂಯ್ ಸದ್ದು ನಮಗೆಲ್ಲ ಕಿರಿಕಿರಿಯಾಗಿತ್ತು. ಆಕೆ ಅದನ್ನೇ ತಂಬೂರಿಯ ಶ್ರುತಿಯಂತೆ ಹಿಡಿದು, ಅದಕ್ಕೆ ಹೊಂದುವ ಸ್ವರದಿಂದ ಆರಂಭಿಸುತ್ತಿದ್ದರು. ಮೊದಲು ರೋಗಿಯ ಉಸಿರಿನ ವೇಗದಲ್ಲೇ, ಅದು ತೇಕುವಂತಿದ್ದರೆ ಹಾಗೆಯೇ ನುಡಿಸಿ, ಸ್ವಲ್ಪ ಸ್ವಲ್ಪವಾಗಿ ನಡೆಯನ್ನು ಇಳಿಸುತ್ತಿದ್ದರು. ಅತ್ತೆಯವರ ಭುಜಗಳು ಎಷ್ಟೋ ಸಲ ಸಡಿಲಗೊಂಡವು, ಎರಡು ಸಲ ಏನೂ ಆಗಲಿಲ್ಲ. ಒಮ್ಮೆ ಹುಬ್ಬು ಗಂಟಿಕ್ಕಿದ್ದನ್ನು ಕಂಡ ತಕ್ಷಣ ಆಕೆ ಅಂಗೈಯನ್ನು ತಂತಿಗಳ ಮೇಲಿಟ್ಟು ನಾದವನ್ನು ನಿಲ್ಲಿಸಿದರು. ಆ ನಿಲ್ಲಿಸುವಿಕೆಯನ್ನು ನೋಡಿದಾಗ ಇದು ಹವ್ಯಾಸಿಯ ಕೆಲಸವಲ್ಲವೆಂದು ನನಗೆ ಖಚಿತವಾಯಿತು.

ಎರಡನೆಯ ಭೇಟಿಯಲ್ಲಿ ನಾವೊಂದು ತಪ್ಪು ಮಾಡಿದೆವು. ದೇವರನಾಮವೊಂದನ್ನು ಮೊಬೈಲಿನಲ್ಲಿ ಕೇಳಿಸಿ, ಅದನ್ನೇ ನುಡಿಸಿರೆಂದು ಒತ್ತಾಯಿಸಿದೆವು. ಸ್ವರಗಳೆಲ್ಲ ಸರಿಯಾಗಿಯೇ ಬಂದವು, ಆದರೆ ಹಾರ್ಪಿನಲ್ಲಿ ತಂತಿಯನ್ನು ಎಳೆದು ಗಮಕ ತೆಗೆಯಲಾಗದು. "ದಾಸರು ಕೋಟು ಹಾಕ್ಕೊಂಡು ಬಂದ ಹಾಗಿದೆ ಕಣೇ," ಎಂದು ಅತ್ತೆಯವರು ನನಗೆ ಹೇಳಿ ನಕ್ಕರು, ನಕ್ಕದ್ದರಿಂದ ಕೆಮ್ಮು ಬಂತು. ಪರಿಚಿತ ಹಾಡು ಮನಸ್ಸನ್ನು ನೆನಪುಗಳತ್ತ ಎಳೆಯುತ್ತದೆ, ವಿಶ್ರಾಂತಿ ಬೇಕಿದ್ದಾಗ ಅಪರಿಚಿತ ನಾದವೇ ಮೇಲು ಎಂದು ವೀಣೆಯಮ್ಮ ಆಮೇಲೆ ಮೆಲ್ಲಗೆ ತಿಳಿಸಿದರು. ಮುಂದಿನ ವಾರ ಅವರು ತಾಳವಿಲ್ಲದೆ ಐದು ಸ್ವರಗಳಲ್ಲಿ ನುಡಿಸಿದ್ದು ನಮ್ಮ ಕಿವಿಗೆ ಮೋಹನ ರಾಗದ ನೆರಳಿನಂತೆ ಕೇಳಿಸಿತು. ಅತ್ತೆಯವರು ಆ ದಿನ ಟೀಕೆ ಮಾಡಲಿಲ್ಲ, ನಿದ್ದೆ ಹೋದರು.

ಕೊರತೆಗಳೂ ಇವೆ. ಸಂಸ್ಥೆಯ ಕರಪತ್ರದಲ್ಲಿ ಈ ಸಂಗೀತ ನೋವನ್ನು ಹೋಗಲಾಡಿಸುತ್ತದೆ ಎಂಬಂಥ ಮಾತಿತ್ತು. ನೋವಿಗೆ ಮಾರ್ಫಿನ್ ಬೇಕೇ ಆಯಿತು. ಹಾರ್ಪ್ ಮಾಡಿದ್ದು ಔಷಧದ ನಡುವಿನ ಗಂಟೆಗಳನ್ನು ಸಹ್ಯವಾಗಿಸಿದ್ದಷ್ಟೇ, ಅದೂ ಎಲ್ಲ ಸಲವಲ್ಲ. ಆಕೆಯನ್ನು ಸಂಗೀತ ಚಿಕಿತ್ಸಕಿ ಎನ್ನುವುದೂ ಸರಿಯಲ್ಲ: ಅಮೆರಿಕದಲ್ಲಿ ಆ ವೃತ್ತಿಗೆ ಪದವಿ, 1,200 ಗಂಟೆಗಳ ತರಬೇತಿ ಮತ್ತು ಪರೀಕ್ಷೆ ಬೇಕು, ಆಕೆಯೇ ಈ ವ್ಯತ್ಯಾಸವನ್ನು ಮೊದಲ ದಿನ ಸ್ಪಷ್ಟಪಡಿಸಿದ್ದರು. ಸಂಜೆ ಮತ್ತು ವಾರಾಂತ್ಯಗಳಲ್ಲಿ ಸೇವೆ ಇರಲಿಲ್ಲ. ಕೇಳಿದ ಮೇಲೆ ಹನ್ನೆರಡು ದಿನ ಕಾಯಬೇಕಾಯಿತು, ಏಳೇ ವಾರ ಉಳಿದಿದ್ದವರಿಗೆ ಅದು ದೀರ್ಘ ಕಾಲ. ಆದ್ದರಿಂದ ಹಾಸ್ಪೈಸಿಗೆ ಹೆಸರು ನೋಂದಾಯಿಸುವ ದಿನವೇ ಸ್ವಯಂಸೇವಕರ ಸಂಯೋಜಕರನ್ನು ವಿಚಾರಿಸಿರಿ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮದಂತೆ, ಸಂಬಳದ ಸಿಬ್ಬಂದಿ ರೋಗಿಗಳ ಆರೈಕೆಗೆ ಕೊಡುವ ಗಂಟೆಗಳ ಕನಿಷ್ಠ ಶೇ. 5ಕ್ಕೆ ಸಮನಾದಷ್ಟು ಸೇವೆ ಸ್ವಯಂಸೇವಕರಿಂದ ಬರಬೇಕಾಗಿರುವುದರಿಂದ, ಅಂಥ ಸಂಯೋಜಕರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ.

ನಮ್ಮಿಂದ ಹಣ ತೆಗೆದುಕೊಳ್ಳಲಿಲ್ಲ, ಉಡುಗೊರೆಯನ್ನೂ ಸ್ವೀಕರಿಸಲಿಲ್ಲ. ಒಂದು ಲೋಟ ಕಷಾಯವನ್ನು ಮಾತ್ರ, ಅದೂ ನುಡಿಸಿ ಮುಗಿದ ಮೇಲೆ, ಕುಡಿಯುತ್ತಿದ್ದರು. ಅತ್ತೆಯವರು ತೀರಿಕೊಂಡದ್ದು ಶನಿವಾರ ರಾತ್ರಿ, ಆಕೆ ಬರಲಾಗದ ಹೊತ್ತಿನಲ್ಲಿ. ಮಂಗಳವಾರ ಎಂದಿನ ಸಮಯಕ್ಕೆ ಹಾರ್ಪಿಲ್ಲದೆ ಬಂದು, ಯಂತ್ರವನ್ನು ಒಯ್ದಿದ್ದರಿಂದ ಸದ್ದಡಗಿದ್ದ ಆ ಕೋಣೆಯಲ್ಲಿ ನಮ್ಮ ಜೊತೆ ಅರ್ಧ ಗಂಟೆ ಕುಳಿತು, ಕಷಾಯ ಕುಡಿದು ಹೋದರು.