ಪ್ಯಾಕರ್ಸ್ ಯಾರನ್ನು ಆರಿಸುತ್ತಾರೆ? ಚಂದಾ ಕಟ್ಟಿದ ಸಿಮ್ಯುಲೇಟರ್‌ಗಿಂತ ಎಕ್ಸೆಲ್ ಹಾಳೆಯೇ ವಾಸಿ

ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ಮೇಲೆ ಅಮೆರಿಕನ್ ಫುಟ್‌ಬಾಲ್ ಹಚ್ಚಿಕೊಂಡವರಿಗೆ ಏಪ್ರಿಲ್ ತಿಂಗಳು ಆಟವಿಲ್ಲದಿದ್ದರೂ ಹಬ್ಬದ ಕಾಲವೇ ಸರಿ. ನಮ್ಮ ಕಚೇರಿಯಲ್ಲಿ ಪ್ರತಿ ವರ್ಷ, ಗ್ರೀನ್ ಬೇ ಪ್ಯಾಕರ್ಸ್ ತಂಡವು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ನ ಡ್ರಾಫ್ಟ್‌ನಲ್ಲಿ ಯಾವ ಕಾಲೇಜು ಆಟಗಾರರನ್ನು ತೆಗೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ಬರೆದುಕೊಡುವ ಪಂದ್ಯವೊಂದು ನಡೆಯುತ್ತದೆ. ಅದಕ್ಕಾಗಿ ನಾನು ಹಣ ಕೊಟ್ಟು ಬಳಸುವ ಡ್ರಾಫ್ಟ್ ಸಿಮ್ಯುಲೇಟರ್, ಯಾವ ತಂಡ ಯಾರನ್ನು ಆರಿಸುತ್ತದೆ ಎಂದು ಪರಿಣತರು ಮೊದಲೇ ಬರೆಯುವ ಮಾಕ್ ಡ್ರಾಫ್ಟ್, ಹಲವರ ಪಟ್ಟಿಗಳನ್ನು ಒಟ್ಟುಗೂಡಿಸಿದ ಒಮ್ಮತದ ರ್‍ಯಾಂಕಿಂಗ್ ಮತ್ತು ತಂಡದ ಹಳೆಯ ಆಯ್ಕೆಗಳನ್ನು ದಾಖಲಿಸಿ ನಾನೇ ಮಾಡಿಕೊಂಡ ಎಕ್ಸೆಲ್ ಹಾಳೆ, ಈ ನಾಲ್ಕನ್ನೂ ಬಳಸಿ ನೋಡಿದ್ದೇನೆ. ನನ್ನ ಮತ ಎಕ್ಸೆಲ್ ಹಾಳೆಗೆ. ಒಮ್ಮತದ ರ್‍ಯಾಂಕಿಂಗ್ ಅದಕ್ಕೆ ಒಳ್ಳೆಯ ಜೊತೆ. ಸಿಮ್ಯುಲೇಟರ್‌ನ ಚಂದಾವನ್ನು ನಾನು ಮತ್ತೆ ಕಟ್ಟುವುದಿಲ್ಲ.

ಐಪಿಎಲ್ ಹರಾಜನ್ನು ನೋಡಿ ಅಭ್ಯಾಸವಿರುವವರಿಗೆ ಒಂದು ವ್ಯತ್ಯಾಸವನ್ನು ಹೇಳಬೇಕು. ಅಲ್ಲಿ ಯಾರ ಕೈಯಲ್ಲಿ ಹಣ ಉಳಿದಿದೆ ಎಂಬುದರ ಮೇಲೆ ಆಟಗಾರ ಯಾರ ಪಾಲಾಗುತ್ತಾನೆ ಎಂದು ಊಹಿಸಬಹುದು. ಇಲ್ಲಿ ಹಣದ ಮಾತೇ ಇಲ್ಲ, ಸರದಿ ಮಾತ್ರ ಇದೆ. 32 ತಂಡಗಳು 7 ಸುತ್ತುಗಳಲ್ಲಿ ಸರದಿಯಂತೆ ಆಟಗಾರರನ್ನು ಆರಿಸುತ್ತವೆ, ಹಿಂದಿನ ವರ್ಷ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ, ಮತ್ತು ಸರದಿಯನ್ನು ತಂಡಗಳು ಪರಸ್ಪರ ಅದಲುಬದಲು ಮಾಡಿಕೊಳ್ಳಬಹುದು. 2025ರಲ್ಲಿ ಒಟ್ಟು 257 ಆಯ್ಕೆಗಳಾದವು. ಆದ್ದರಿಂದ ಆ ವರ್ಷ 23ನೇ ಸರದಿಯಲ್ಲಿದ್ದ ಪ್ಯಾಕರ್ಸ್ ತಂಡವನ್ನು ಊಹಿಸುವವರು ಅದಕ್ಕೆ ಮೊದಲಿನ 22 ಆಯ್ಕೆಗಳನ್ನೂ ಒಂದು ಮಟ್ಟಿಗೆ ಊಹಿಸಲೇಬೇಕಾಗುತ್ತದೆ.

ಸಿಮ್ಯುಲೇಟರ್‌ನ ಆಕರ್ಷಣೆ ಇರುವುದು ಇಲ್ಲಿಯೇ. ನೀವು ಪ್ಯಾಕರ್ಸ್ ಪರವಾಗಿ ಕುಳಿತರೆ ಉಳಿದ 31 ತಂಡಗಳ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ನಾನು ಚಂದಾ ಕಟ್ಟಿದ ಸಿಮ್ಯುಲೇಟರ್ ನೋಡಲು ಚೆನ್ನಾಗಿತ್ತು, ವೇಗವಾಗಿಯೂ ಇತ್ತು. ತೊಂದರೆ ಕೊಟ್ಟದ್ದು ಅದರೊಳಗಿದ್ದ ‘ತಂಡದ ಅಗತ್ಯ’ಗಳ ಪಟ್ಟಿ. ಪ್ರತಿ ತಂಡಕ್ಕೂ ಯಾವ ಸ್ಥಾನದಲ್ಲಿ ಆಟಗಾರರ ಕೊರತೆಯಿದೆ ಎಂದು ತೋರಿಸುವ ಈ ಪಟ್ಟಿಯನ್ನು ತನ್ನದೇ ರ್‍ಯಾಂಕಿಂಗ್ ಜೊತೆ ಕೂಡಿಸಿ ಕಂಪ್ಯೂಟರ್ ಆಯ್ಕೆ ಮಾಡುತ್ತದೆ. 2025ರ ಮಾರ್ಚ್‌ನಲ್ಲಿ ಪ್ಯಾಕರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಗಾರ್ಡ್ (ಆಕ್ರಮಣದ ಮುಂಚೂಣಿ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವರು) ಆರನ್ ಬ್ಯಾಂಕ್ಸ್ ಅವರನ್ನು ನಾಲ್ಕು ವರ್ಷಕ್ಕೆ 77 ಮಿಲಿಯನ್ ಡಾಲರ್ ಒಪ್ಪಂದದ ಮೇಲೆ ಕರೆತಂದಿತು. ಅಷ್ಟು ದೊಡ್ಡ ಮೊತ್ತ ಕೊಟ್ಟು ತಂದ ಮೇಲೆ ಆ ಸ್ಥಾನ ತುಂಬಿತು ಎಂದೇ ಅರ್ಥ. ಆದರೆ ಏಪ್ರಿಲ್ ಬಂದರೂ ಸಿಮ್ಯುಲೇಟರ್‌ನ ಪಟ್ಟಿಯಲ್ಲಿ ಪ್ಯಾಕರ್ಸ್ ಹೆಸರಿನ ಮುಂದೆ ಗಾರ್ಡ್ ಎಂಬುದೇ ಮೇಲಿನ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಸಹಾಯ ವಿಭಾಗಕ್ಕೆ ಬರೆದಾಗ, ನಿಮ್ಮ ತಂಡದ ಪಟ್ಟಿಯನ್ನು ನೀವೇ ತಿದ್ದಿಕೊಳ್ಳಬಹುದು ಎಂಬ ಉತ್ತರ ಬಂತು.

ನನ್ನ ತಂಡದ ಪಟ್ಟಿಯನ್ನು ತಿದ್ದಿಕೊಳ್ಳುವುದರಿಂದ ನನಗೆ ಆಗುವ ಪ್ರಯೋಜನವೇನೂ ಇರಲಿಲ್ಲ, ಏಕೆಂದರೆ ಪ್ಯಾಕರ್ಸ್ ಪರವಾಗಿ ಆರಿಸುವವನು ನಾನೇ. ತಿದ್ದಬೇಕಾಗಿದ್ದದ್ದು ಉಳಿದ 31 ತಂಡಗಳ ಪಟ್ಟಿ, ಮತ್ತು ಅದಕ್ಕೆ ಮಾತ್ರ ಅವಕಾಶವಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಎಲ್ಲ ತಂಡಗಳೂ ಹೊಸ ಆಟಗಾರರನ್ನು ತಂದುಕೊಂಡು ತಮ್ಮ ಕೊರತೆಗಳನ್ನು ತುಂಬಿಕೊಂಡಿರುತ್ತವೆ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಂಪ್ಯೂಟರ್, ಹಳೆಯ ಕೊರತೆಗಳನ್ನೇ ನೆಚ್ಚಿ ಆಯ್ಕೆ ಮಾಡುತ್ತಾ ಹೋದಂತೆ, ಮೊದಲ ಹದಿನೈದರೊಳಗೆ ಖಂಡಿತ ಹೋಗಬೇಕಾದ ಆಟಗಾರ 23ನೇ ಸರದಿಯವರೆಗೂ ಉಳಿದಿರುತ್ತಿದ್ದ. ಅಂತಹ ಆಟಗಾರನನ್ನು ಆರಿಸಿಕೊಂಡರೆ ಪರದೆಯ ಮೇಲೆ ಎ ಪ್ಲಸ್ ದರ್ಜೆ ಕಾಣಿಸುತ್ತದೆ. ಆ ದರ್ಜೆ ಅಳೆಯುವುದು ಸಿಮ್ಯುಲೇಟರ್‌ನ ಸ್ವಂತ ರ್‍ಯಾಂಕಿಂಗ್‌ಗೆ ಹೋಲಿಸಿದರೆ ನೀವು ಎಷ್ಟು ಲಾಭ ಮಾಡಿಕೊಂಡಿರಿ ಎಂಬುದನ್ನೇ ಹೊರತು, ಪ್ಯಾಕರ್ಸ್ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನಲ್ಲ. ಎ ಪ್ಲಸ್ ಸಿಗಲಿ ಎಂದು ಆಡುತ್ತಾ ಹೋದವನು ಊಹೆಯಿಂದ ದೂರವೇ ಸರಿಯುತ್ತಾನೆ.

ಪಟ್ಟಿ ಸರಿಯಾಗಿದ್ದಿದ್ದರೂ ಫಲ ಅಷ್ಟಕ್ಕಷ್ಟೇ ಎನ್ನಲು 2025ರ ಡ್ರಾಫ್ಟ್ ಒಂದೇ ಸಾಕು. ಆ ವರ್ಷ ಡ್ರಾಫ್ಟ್ ನಡೆದದ್ದು ಗ್ರೀನ್ ಬೇಯಲ್ಲಿಯೇ, ತಂಡದ ಮೈದಾನವಾದ ಲ್ಯಾಂಬೋ ಫೀಲ್ಡ್ ಪಕ್ಕದಲ್ಲಿ. ತಂಡಕ್ಕೆ ಬೇಕಾಗಿರುವುದು ಚೆಂಡು ಹಿಡಿಯಲು ಓಡುವ ಎದುರಾಳಿಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಮತ್ತು ಚೆಂಡು ಎಸೆದು ಆಕ್ರಮಣ ನಡೆಸುವ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎಡ್ಜ್ ಆಟಗಾರ ಎಂದು ನಮ್ಮ ರಾಜ್ಯದಲ್ಲಿ ಎಲ್ಲೆಡೆ ಮಾತು ನಡೆಯುತ್ತಿತ್ತು. ಪ್ಯಾಕರ್ಸ್ 23ನೇ ಸರದಿಯಲ್ಲಿ ಟೆಕ್ಸಸ್‌ನ ವೈಡ್ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವವರು) ಮ್ಯಾಥ್ಯೂ ಗೋಲ್ಡನ್ ಅವರನ್ನು, 54ನೆಯದರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಟ್ಯಾಕಲ್ (ಆಕ್ರಮಣದ ಸಾಲಿನ ತುದಿಯಲ್ಲಿ ನಿಲ್ಲುವವರು) ಆಂಥನಿ ಬೆಲ್ಟನ್ ಅವರನ್ನು, 87ನೆಯದರಲ್ಲಿ ಇನ್ನೊಬ್ಬ ರಿಸೀವರ್ ಸಾವಿಯನ್ ವಿಲಿಯಮ್ಸ್ ಅವರನ್ನು ತೆಗೆದುಕೊಂಡರು. ಎಡ್ಜ್ ಆಟಗಾರನ ಹೆಸರು ಬಂದದ್ದು ನಾಲ್ಕನೇ ಸುತ್ತಿನಲ್ಲಿ, ಕಾರ್ನರ್‌ಬ್ಯಾಕ್ ಬಂದದ್ದು ಏಳನೇ ಸುತ್ತಿನ 237ನೇ ಸರದಿಯಲ್ಲಿ. ಕೊರತೆಯ ಪಟ್ಟಿ ಹಿಡಿದು ಊಹಿಸಿದವರಿಗೆ ಮೊದಲ ಮೂರು ಸುತ್ತುಗಳಲ್ಲಿ ಏನೂ ದಕ್ಕಲಿಲ್ಲ.

ಪರಿಣತರ ಮಾಕ್ ಡ್ರಾಫ್ಟ್‌ಗಳ ಬಗ್ಗೆ ನನಗೆ ಗೌರವವಿದೆ. ಡ್ರಾಫ್ಟ್ ದಿನದ ಬೆಳಿಗ್ಗೆ ಪ್ರಕಟವಾಗುವವುಗಳಲ್ಲಿ ತಂಡಗಳ ಒಳಗಿನಿಂದ ಬಂದ ಮಾಹಿತಿ ಇರುತ್ತದೆ, ಮೊದಲ ಐದಾರು ಆಯ್ಕೆಗಳ ಮಟ್ಟಿಗೆ ಅವನ್ನು ನಂಬಬಹುದು. ಅಲ್ಲಿಂದ ಮುಂದೆ ಒಂದು ಅನಿರೀಕ್ಷಿತ ಆಯ್ಕೆ ಕೆಳಗಿನದೆಲ್ಲವನ್ನೂ ಅಲುಗಿಸುತ್ತದೆ. 2024ರಲ್ಲಿ ಅಟ್ಲಾಂಟಾ ತಂಡ, ಕರ್ಕ್ ಕಸಿನ್ಸ್ ಅವರನ್ನು ದೊಡ್ಡ ಒಪ್ಪಂದದ ಮೇಲೆ ಕರೆತಂದ ಮರುತಿಂಗಳೇ, 8ನೇ ಸರದಿಯಲ್ಲಿ ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕೆಲ್ ಪೆನಿಕ್ಸ್ ಅವರನ್ನು ಆರಿಸಿತು. 2025ರಲ್ಲಿ ಹಲವು ಮಾಕ್‌ಗಳು ಮೊದಲ ಸುತ್ತಿನಲ್ಲಿ ಇರಿಸಿದ್ದ ಶೆಡೂರ್ ಸ್ಯಾಂಡರ್ಸ್ ಐದನೇ ಸುತ್ತಿನ 144ನೇ ಸರದಿಯವರೆಗೂ ಕಾಯಬೇಕಾಯಿತು. ಪ್ಯಾಕರ್ಸ್ ಅಭಿಮಾನಿಗೆ ಈಗ ಇನ್ನೊಂದು ಅಡ್ಡಿಯೂ ಇದೆ. 2025ರ ಆಗಸ್ಟ್‌ನಲ್ಲಿ ಎಡ್ಜ್ ಆಟಗಾರ ಮೈಕಾ ಪಾರ್ಸನ್ಸ್ ಅವರನ್ನು ಪಡೆಯಲು ತಂಡವು ತನ್ನ ಆಟಗಾರ ಕೆನಿ ಕ್ಲಾರ್ಕ್ ಅವರ ಜೊತೆಗೆ 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳೆರಡನ್ನೂ ಡಲ್ಲಸ್‌ಗೆ ಬಿಟ್ಟುಕೊಟ್ಟಿತು. ಹೆಚ್ಚಿನ ಪರಿಣತರು ಶ್ರಮವಹಿಸಿ ಬರೆಯುವುದು ಮೊದಲ ಸುತ್ತನ್ನು ಮಾತ್ರ, ನಮಗೆ ಬೇಕಾದ ಭಾಗ ಶುರುವಾಗುವುದು ಅದು ಮುಗಿದ ಮೇಲೆ.

ಬೆಟ್ಟಿಂಗ್ ದರಗಳನ್ನು ನೋಡಿ ಊಹಿಸುವವರೂ ಇದ್ದಾರೆ, ನಾನು ಆ ದಾರಿಗೆ ಹೋಗಿಲ್ಲ.

ಒಮ್ಮತದ ರ್‍ಯಾಂಕಿಂಗ್ ಬೇರೆ ಬಗೆಯದು. ಆರಿಫ್ ಹಸನ್ ಅವರಂಥವರು ಅನೇಕ ವಿಶ್ಲೇಷಕರ ಪಟ್ಟಿಗಳನ್ನು ಕಲೆಹಾಕಿ ಒಂದು ಪಟ್ಟಿ ಮಾಡುತ್ತಾರೆ. ಆಟಗಾರನ ಯೋಗ್ಯತೆಯನ್ನು ತೂಗುವವರು ಒಂದು ಗುಂಪು, ತಂಡಗಳು ಅವನನ್ನು ಎಲ್ಲಿ ಆರಿಸುತ್ತವೆ ಎಂದು ಮುನ್ನಂದಾಜು ಮಾಡುವವರು ಇನ್ನೊಂದು ಗುಂಪು ಎಂದು ಅವರು ಬೇರ್ಪಡಿಸುವುದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಪ್ಯಾಕರ್ಸ್ ಯಾರನ್ನು ಇಷ್ಟಪಡುತ್ತಾರೆ ಎಂಬುದು ಇದರಿಂದ ತಿಳಿಯುವುದಿಲ್ಲ. ಆದರೆ ಅವರ ಸರದಿ ಬರುವ ಹೊತ್ತಿಗೆ ಯಾರು ಉಳಿದಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ, ಸಿಮ್ಯುಲೇಟರ್ ಮಾಡಬೇಕಾಗಿದ್ದ ಕೆಲಸವನ್ನು ಇದು ಒಂದೇ ಹಾಳೆಯಲ್ಲಿ ಮಾಡಿಕೊಡುತ್ತದೆ.

ಈಗ ನನ್ನ ಎಕ್ಸೆಲ್ ಹಾಳೆಯ ವಿಚಾರ. ಆಟಗಾರರನ್ನು ಆರಿಸುವ ಕೊನೆಯ ಮಾತು ಜನರಲ್ ಮ್ಯಾನೇಜರ್ ಅವರದು. ಪ್ಯಾಕರ್ಸ್‌ನಲ್ಲಿ 2018ರಿಂದ ಆ ಹುದ್ದೆಯಲ್ಲಿರುವವರು ಬ್ರಯಾನ್ ಗೂಟೆಕುನ್ಸ್ಟ್. 2018ರಿಂದ 2025ರವರೆಗೆ ಅವರು ಮೊದಲ ಸುತ್ತಿನಲ್ಲಿ ಆರಿಸಿದ 10 ಜನರ ಹೆಸರು, ಕಾಲೇಜು, ಸ್ಥಾನ, ಡ್ರಾಫ್ಟ್ ದಿನದ ವಯಸ್ಸು, ಎತ್ತರ, ತೂಕ, ಓಟದ ಸಮಯ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು ನೋಡಿದರೆ ಒಂದು ಮನಸ್ಸು ಕಾಣಿಸತೊಡಗುತ್ತದೆ. ಆ 10 ಜನರಲ್ಲಿ ಡೆವಾಂಟೆ ವಯಟ್ ಒಬ್ಬರು 24 ವರ್ಷದವರು, ಉಳಿದವರೆಲ್ಲ 21–22ರ ಹುಡುಗರು. 7 ಜನ ರಕ್ಷಣಾ ವಿಭಾಗದವರು. ಮೂವರು ಜಾರ್ಜಿಯಾ ವಿಶ್ವವಿದ್ಯಾಲಯದವರು.

ದೇಹಸಾಮರ್ಥ್ಯದ ಅಂಕಣವನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ಕೆಂಟ್ ಲೀ ಪ್ಲ್ಯಾಟ್ ಅವರು ರೂಪಿಸಿದ ರಿಲೇಟಿವ್ ಅಥ್ಲೆಟಿಕ್ ಸ್ಕೋರ್ ಎಂಬ ಅಳತೆಯು ಒಬ್ಬ ಆಟಗಾರನ ಗಾತ್ರ, ವೇಗ, ಜಿಗಿತಗಳನ್ನು 1987ರಿಂದ ಈಚೆಗೆ ಅದೇ ಸ್ಥಾನದಲ್ಲಿ ಆಡಿದವರ ಜೊತೆ ಹೋಲಿಸಿ 0ಯಿಂದ 10ರವರೆಗೆ ಅಂಕ ಕೊಡುತ್ತದೆ. ಗೂಟೆಕುನ್ಸ್ಟ್ ಬೇರೆ ಬೇರೆ ಸುತ್ತುಗಳಲ್ಲಿ ಆರಿಸಿದವರಲ್ಲಿ ರಶಾನ್ ಗ್ಯಾರಿ ಮತ್ತು ಕ್ರಿಶ್ಚಿಯನ್ ವಾಟ್ಸನ್ ಇಬ್ಬರದೂ 9.9ಕ್ಕಿಂತ ಮೇಲಿನ ಅಂಕ, ಲೂಕಸ್ ವ್ಯಾನ್ ನೆಸ್ ಮತ್ತು ಕ್ವೇ ವಾಕರ್ ಅವರದು 9ಕ್ಕಿಂತ ಮೇಲೆ. ಕಾಲೇಜಿನಲ್ಲಿ ದೊಡ್ಡ ಅಂಕಿ-ಅಂಶ ತೋರಿಸಿದರೂ ನಿಧಾನವಾಗಿ ಓಡಿದವನನ್ನು ಇಂಡಿಯಾನಾಪೊಲಿಸ್‌ನ ಕಂಬೈನ್ ಎಂಬ ದೇಹಸಾಮರ್ಥ್ಯ ಪರೀಕ್ಷೆ ಮುಗಿದ ಕೂಡಲೇ ನನ್ನ ಪಟ್ಟಿಯಿಂದ ತೆಗೆದುಬಿಡುತ್ತೇನೆ.

ಎರಡನೆಯ ಲಕ್ಷಣ ಆಕ್ರಮಣದ ಸಾಲಿನವರದು. ಕಾಲೇಜಿನಲ್ಲಿ ಲೆಫ್ಟ್ ಟ್ಯಾಕಲ್ ಆಗಿ ಆಡಿದವರನ್ನು ತಂದು, ಬೇಕಾದ ಜಾಗಕ್ಕೆ ಸರಿಸಿಕೊಳ್ಳುವುದು ಈ ತಂಡದ ಪದ್ಧತಿ. 2022ರಲ್ಲಿ ಮೂರನೇ ಸುತ್ತಿನಲ್ಲಿ ಬಂದ ಶಾನ್ ರಾಯನ್ ಗಾರ್ಡ್ ಆದರು, ಅದೇ ವರ್ಷ ನಾಲ್ಕನೇ ಸುತ್ತಿನಲ್ಲಿ ಬಂದ ಜ್ಯಾಕ್ ಟಾಮ್ ರೈಟ್ ಟ್ಯಾಕಲ್ ಆದರು, 2024ರಲ್ಲಿ ಮೊದಲ ಸುತ್ತಿನಲ್ಲಿ ಬಂದ ಜೋರ್ಡನ್ ಮಾರ್ಗನ್ ಅವರೂ ಕಾಲೇಜಿನಲ್ಲಿ ಲೆಫ್ಟ್ ಟ್ಯಾಕಲ್. ಆದ್ದರಿಂದ ಬ್ಯಾಂಕ್ಸ್ ಬಂದ ಮೇಲೂ ಬೆಲ್ಟನ್ ಬಂದದ್ದನ್ನು ಹಾಳೆ ಮುಂದಿಟ್ಟುಕೊಂಡವರು ವಿಚಿತ್ರವೆಂದು ಭಾವಿಸುವ ಕಾರಣವಿರಲಿಲ್ಲ. ಇಷ್ಟು ಸೂಕ್ಷ್ಮವಾದ ಅಭ್ಯಾಸವನ್ನು ಯಾವ ಸಿಮ್ಯುಲೇಟರ್‌ನ ಕೆಂಪು ಸಾಲೂ ತೋರಿಸಲಾರದು.

ಹಾಳೆಯನ್ನು ಓದುವಾಗ ಅಭ್ಯಾಸ ಯಾವುದು, ಕಾಕತಾಳೀಯ ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು, ಈ ವಿಧಾನದ ನಿಜವಾದ ಕಷ್ಟ ಅದೇ. 2002ರಲ್ಲಿ ಜಾವನ್ ವಾಕರ್ ಅವರನ್ನು ತೆಗೆದುಕೊಂಡ ಮೇಲೆ ಪ್ಯಾಕರ್ಸ್ 2025ರವರೆಗೆ ಮೊದಲ ಸುತ್ತಿನಲ್ಲಿ ರಿಸೀವರ್‌ನನ್ನು ಆರಿಸಿರಲಿಲ್ಲ. ಅನೇಕರು ಇದನ್ನು ನಿಯಮವೆಂದೇ ತಿಳಿದು ಗೋಲ್ಡನ್ ಹೆಸರನ್ನು ಹೊಡೆದುಹಾಕಿದ್ದರು. ಆದರೆ ಅದೇ ಅವಧಿಯ ಎರಡನೇ ಸುತ್ತನ್ನು ನೋಡಿದರೆ 2006ರಲ್ಲಿ ಗ್ರೆಗ್ ಜೆನಿಂಗ್ಸ್, 2008ರಲ್ಲಿ ಜೋರ್ಡಿ ನೆಲ್ಸನ್, 2011ರಲ್ಲಿ ರ್‍ಯಾಂಡಲ್ ಕಾಬ್, 2014ರಲ್ಲಿ ಡವಾಂಟೆ ಆಡಮ್ಸ್, 2022ರಲ್ಲಿ ವಾಟ್ಸನ್, 2023ರಲ್ಲಿ ಜೇಡನ್ ರೀಡ್ ಎಂದು ಹೆಸರುಗಳು ಸಾಲಾಗಿ ನಿಲ್ಲುತ್ತವೆ. ರಿಸೀವರ್‌ಗಳನ್ನು ಅಷ್ಟು ಮೆಚ್ಚುವ ತಂಡಕ್ಕೆ ಮೊದಲ ಸುತ್ತಿನ ಬಗ್ಗೆ ವ್ರತವೇನೂ ಇರಲಾರದು. 21 ವರ್ಷದ, ಕಂಬೈನ್‌ನಲ್ಲಿ 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದ ಹುಡುಗ 23ನೇ ಸರದಿಯಲ್ಲಿ ಉಳಿದಿದ್ದರೆ ಅವನ ಹೆಸರು ಪಟ್ಟಿಯಲ್ಲಿ ಇರಬೇಕು ಎಂದು ಹಾಳೆ ಹೇಳುತ್ತಿತ್ತು, ನಾನು ಇಟ್ಟುಕೊಂಡಿದ್ದೆ.

ಗೂಟೆಕುನ್ಸ್ಟ್ ಅವರು ಸರದಿ ಬದಲಿಸುವುದರಲ್ಲಿಯೂ ಹಿಂಜರಿಯುವವರಲ್ಲ. 2018ರಲ್ಲಿ 14ರಿಂದ 27ಕ್ಕೆ ಇಳಿದು, ಮತ್ತೆ 18ಕ್ಕೆ ಏರಿ ಜೈರ್ ಅಲೆಕ್ಸಾಂಡರ್ ಅವರನ್ನು ತಂದರು. 2020ರಲ್ಲಿ 30ರಿಂದ 26ಕ್ಕೆ ಏರಿ, ಕ್ವಾರ್ಟರ್‌ಬ್ಯಾಕ್ ಆಗಿ ಆರನ್ ರಾಜರ್ಸ್ ತಂಡದಲ್ಲಿರುವಾಗಲೇ ಅದೇ ಸ್ಥಾನದ ಜೋರ್ಡನ್ ಲವ್ ಅವರನ್ನು ತಂದರು. 2005ರಲ್ಲಿ ಆ ಸ್ಥಾನದಲ್ಲಿ ಬ್ರೆಟ್ ಫಾರ್ವ್ ಇರುವಾಗಲೇ ರಾಜರ್ಸ್ ಬಂದದ್ದನ್ನು ಬಲ್ಲವರಿಗೆ ಇದರಲ್ಲಿಯೂ ಹಳೆಯ ಜಾಡು ಕಂಡಿರುತ್ತದೆ. ಹೀಗಾಗಿ ಒಂದು ಸರದಿಗೆ ಒಂದೇ ಹೆಸರು ಬರೆಯುವ ಗೋಜಿಗೆ ನಾನು ಹೋಗುವುದಿಲ್ಲ. ಒಮ್ಮತದ ರ್‍ಯಾಂಕಿಂಗ್‌ನಲ್ಲಿ ಪ್ಯಾಕರ್ಸ್ ಸರದಿಯ ಹಿಂದೆ ಮುಂದೆ ಇರುವ ಮೂವತ್ತು ಹೆಸರುಗಳನ್ನು ತೆಗೆದುಕೊಂಡು, ವಯಸ್ಸು, ದೇಹಸಾಮರ್ಥ್ಯ ಮತ್ತು ಸ್ಥಾನದ ಅಭ್ಯಾಸಗಳ ಜರಡಿಯಲ್ಲಿ ಹಾಯಿಸಿ, ಉಳಿದ ಆರೇಳು ಜನರ ಕಿರುಪಟ್ಟಿಯನ್ನು ಕಚೇರಿಗೆ ಕೊಡುತ್ತೇನೆ.

ಖರ್ಚಿನ ಮಟ್ಟಿಗೆ, ಸಿಮ್ಯುಲೇಟರ್ ವರ್ಷದ ಚಂದಾವನ್ನು ಒಮ್ಮೆಲೇ ಕಡಿತ ಮಾಡಿಕೊಳ್ಳುತ್ತದೆ, ಮೇ ತಿಂಗಳಿನ ನಂತರ ಅದರಿಂದ ಕೆಲಸವಿಲ್ಲ. ಹಣ ಕೊಡಲೇಬೇಕೆಂದರೆ ಆಟಗಾರರ ಜನ್ಮದಿನಾಂಕ, ತೋಳಿನ ಉದ್ದ, ಗಾಯಗಳ ವಿವರಗಳುಳ್ಳ ಒಂದು ಡ್ರಾಫ್ಟ್ ಮಾರ್ಗದರ್ಶಿಗೆ ಕೊಡುವುದು ಮೇಲು, ಹಾಳೆಯ ಅಂಕಣಗಳನ್ನು ತುಂಬಲು ಬೇಕಾದ ಸಾಮಗ್ರಿಯೆಲ್ಲ ಅದರಲ್ಲಿರುತ್ತದೆ. ನನಗೆ ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಅಷ್ಟರಲ್ಲಿ ನಾಲ್ಕೈದು ಸಾಲು ತುಂಬಬಹುದು. ಆ ತಾಳ್ಮೆಯಿಲ್ಲದೆ, ಸುಮ್ಮನೆ ಜನರಲ್ ಮ್ಯಾನೇಜರ್ ಆಗಿ ಆಡಿ ಖುಷಿಪಡಬೇಕು ಎನ್ನುವವರಿಗೆ ಉಚಿತ ಸಿಮ್ಯುಲೇಟರ್‌ಗಳು ಬೇಕಾದಷ್ಟಿವೆ.

ನಿಮ್ಮ ತಂಡಕ್ಕೆ ಹೊಸ ಜನರಲ್ ಮ್ಯಾನೇಜರ್ ಬಂದಿದ್ದರೆ ಹಾಳೆಯಲ್ಲಿ ಬರೆಯಲು ಸಾಲುಗಳೇ ಇರುವುದಿಲ್ಲ. ಆಗ ಮೊದಲ ಎರಡು ಮೂರು ವರ್ಷ ಒಮ್ಮತದ ರ್‍ಯಾಂಕಿಂಗ್ ಮೇಲೆ ಹೆಚ್ಚು ಭಾರ ಹಾಕಿ, ಜೊತೆಗೆ ಅವರು ಯಾರ ಕೈಕೆಳಗೆ ಕೆಲಸ ಕಲಿತರು ಎಂದು ನೋಡಿ. ಗೂಟೆಕುನ್ಸ್ಟ್ ಪಳಗಿದ್ದು ಪ್ಯಾಕರ್ಸ್‌ನ ಹಿಂದಿನ ಜನರಲ್ ಮ್ಯಾನೇಜರ್ ಟೆಡ್ ಥಾಂಪ್ಸನ್ ಬಳಿ, ಥಾಂಪ್ಸನ್ ಪಳಗಿದ್ದು ರಾನ್ ವುಲ್ಫ್ ಬಳಿ. ಸಿಯಾಟಲ್‌ನ ಜನರಲ್ ಮ್ಯಾನೇಜರ್ ಜಾನ್ ಷ್ನೈಡರ್ ಕೂಡ ಗ್ರೀನ್ ಬೇಯಲ್ಲಿ ಕೆಲಸ ಮಾಡಿ ಹೋದವರೇ. 2010ರಿಂದ ಅವರು ಅಲ್ಲಿರುವುದರಿಂದ, ಸಿಯಾಟಲ್ ಕಡೆಯ ಕನ್ನಡಿಗರು ಹಾಳೆ ಶುರುಮಾಡುವುದಾದರೆ ತುಂಬಲು ಸಾಲುಗಳಿಗೆ ಬರವಿಲ್ಲ.